ಟೈಪ್ ಪರೀಕ್ಷೆ: ಬರೀ ಜಾವಾಸ್ಕ್ರಿಪ್ಟ್ ಸಾಕಾ, ಲೋಡ್ಯಾಶ್ ಬೇಕಾ, ಸ್ಕೀಮಾ ಲೈಬ್ರರಿಗೇ ಹೋಗಬೇಕಾ?

ವೆಬ್ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಕೋಲಾರದ ಹುಡುಗ ಹುಡುಗಿಯರು ಜಾಸ್ತಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. 'ಸರ್, ಬಂದಿರೋ ವ್ಯಾಲ್ಯೂ ನಂಬರಾ, ಸ್ಟ್ರಿಂಗಾ, ಅರೇನಾ ಅಂತ ನೋಡೋಕೆ ಲೋಡ್ಯಾಶ್ ಹಾಕ್ಕೊಳ್ಳೋದಾ, ಇಲ್ಲ ಟೈಪ್‌ಆಫ್ ಸಾಕಾ?' ಲೋಡ್ಯಾಶ್ ಎಂದರೆ ಸಿದ್ಧ ಫಂಕ್ಷನ್‌ಗಳ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ, ಟೈಪ್‌ಆಫ್ ಎಂದರೆ ವ್ಯಾಲ್ಯೂ ಯಾವ ಟೈಪ್ ಎಂದು ಹೇಳುವ, ಭಾಷೆಯಲ್ಲೇ ಇರುವ ಪದ. ಯಾವ ಲೈಬ್ರರಿ ಹೆಸರುವಾಸಿ, ಯಾವುದು ಹಗುರ ಎಂದು ಹುಡುಕುತ್ತಾ ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಆ ವ್ಯಾಲ್ಯೂ ಎಲ್ಲಿಂದ ಬಂತು? ನಿಮ್ಮದೇ ಕೋಡ್ ತಯಾರಿಸಿದ್ದಾದರೆ ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಪರೀಕ್ಷೆಗಳು ಹೆಚ್ಚುಕಡಿಮೆ ಸಾಕು. ಹೊರಗಿನವರು ಟೈಪ್ ಮಾಡಿದ್ದು, ಬೇರೆ ಸರ್ವರ್ ಕಳಿಸಿದ್ದು ಆದರೆ ಟೈಪ್‌ಆಫ್ ಕೂಡ ಸಾಲದು, ಲೋಡ್ಯಾಶ್ ಕೂಡ ಸಾಲದು. ಡೇಟಾ ಹೇಗಿರಬೇಕು ಎಂದು ಬರೆದಿಟ್ಟು ಪರೀಕ್ಷಿಸುವ ಸ್ಕೀಮಾ ಲೈಬ್ರರಿಯ ಮಾತು ಬರುವುದು ಅಲ್ಲಿ.

ಒಂದು ಮಾತು. ಇಲ್ಲಿ ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಇಂಗ್ಲಿಷಿನಲ್ಲೇ ಹಾಕಬೇಕು ಅನ್ನೋದು ನಿಮಗೆ ಗೊತ್ತೇ ಇದೆ.

ಮಂಡಿ ಲೆಕ್ಕದ ಪುಟ

ಉದಾಹರಣೆಗೆ ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ಲೆಕ್ಕದ ಪುಟವನ್ನು ಇಟ್ಟುಕೊಳ್ಳೋಣ. ರೈತರ ಹೆಸರು, ಊರು, ಎಷ್ಟು ಬಾಕ್ಸ್, ಹರಾಜಿನಲ್ಲಿ ಬಾಕ್ಸಿಗೆ ನಿಂತ ರೇಟು, ಕಮಿಷನ್, ಹಮಾಲಿ, ಮೊದಲೇ ಕೊಟ್ಟ ಮುಂಗಡ, ಬ್ಯಾಂಕ್ ಖಾತೆ ನಂಬರ್. ಇಲ್ಲಿ ಬಾಕ್ಸ್ ಎಂದರೆ 15 ಕೆ.ಜಿ. ಬೆಳಗಿನ ಗಲಾಟೆಯಲ್ಲಿ ಗುಮಾಸ್ತ ಒಂದು ಕೈಯಲ್ಲಿ ಚೀಟಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಿರುತ್ತಾನೆ.

ಮುಳಬಾಗಿಲು ಕಡೆಯ ರೈತರೊಬ್ಬರ 40 ಬಾಕ್ಸ್ ಇಳಿಯಿತು. ಹಿಂದೆಯೇ ಇನ್ನೊಂದು ಟೆಂಪೋದಲ್ಲಿ 5 ಬಂತು. ಮೊದಲಿನ 40 ಇನ್‌ಪುಟ್ ಫೀಲ್ಡಿನಿಂದ ಬಂದದ್ದು, ಹಾಗಾಗಿ ಅದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. "40" + 5 ಎಂದರೆ ಜಾವಾಸ್ಕ್ರಿಪ್ಟ್ ಕೂಡುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ಪರದೆಯ ಮೇಲೆ 405. 'ಅಣ್ಣಾ, ನಮ್ದು ನಲವತ್ತೈದೇ, ನಾನೂರೈದು ಎಲ್ಲಿಂದ ಬಂತು?' ಎಂದು ರೈತರು ಕೇಳಿದರೆ ಗುಮಾಸ್ತನ ಬಳಿ ಉತ್ತರ ಇರುವುದಿಲ್ಲ. ತಮಾಷೆ ಏನೆಂದರೆ ಗುಣಾಕಾರದಲ್ಲಿ ಈ ತೊಂದರೆ ಕಾಣಿಸುವುದೇ ಇಲ್ಲ. 15 ಬಾಕ್ಸಿಗೆ 850ರಂತೆ "15" * 850 ಎಂದರೆ ಸರಿಯಾಗಿ 12750 ಬರುತ್ತದೆ. ಹಾಗಾಗಿ ಒಂದೊಂದೇ ಲಾಟ್ ಹಾಕಿ ನೋಡಿದಾಗ ಎಲ್ಲ ಚೆನ್ನಾಗಿರುತ್ತದೆ, ಎರಡು ಲಾಟ್ ಸೇರಿದ ದಿನ ಕೆಡುತ್ತದೆ.

ಫೀಲ್ಡಿನ ಟೈಪನ್ನು 'ನಂಬರ್' ಎಂದು ಕೊಟ್ಟರೂ ಅದರ ವ್ಯಾಲ್ಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಬ್ರೌಸರ್‌ನೊಳಗಿನ ಸಂಗ್ರಹವಾದ ಲೋಕಲ್‌ಸ್ಟೋರೇಜ್‌ನಲ್ಲಿ ಇಟ್ಟು ತೆಗೆದದ್ದೂ ಸ್ಟ್ರಿಂಗೇ. ಡೇಟಾವನ್ನು ಅಕ್ಷರವಾಗಿ ಬರೆದು ಕಳಿಸುವ ಜೇಸನ್ ರೂಪ ಪರವಾಗಿಲ್ಲ, ನಂಬರನ್ನು ನಂಬರಾಗಿಯೇ ಉಳಿಸುತ್ತದೆ. ಆದರೆ ದಿನಾಂಕವನ್ನು ಅದೂ ಸ್ಟ್ರಿಂಗ್ ಮಾಡಿಬಿಡುತ್ತದೆ, ಪಾರ್ಸ್ ಮಾಡಿದಾಗ ತಿರುಗಿ ದಿನಾಂಕ ಆಗುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲೇ ಇರುವುದು

ಟೈಪ್‌ಆಫ್ ಕೊಡುವ ಉತ್ತರಗಳು ಒಟ್ಟು ಎಂಟು: ಅನ್‌ಡಿಫೈನ್ಡ್ (ವ್ಯಾಲ್ಯೂ ಕೊಟ್ಟೇ ಇಲ್ಲ), ಬೂಲಿಯನ್ (ಹೌದು ಅಥವಾ ಇಲ್ಲ), ನಂಬರ್, ಸ್ಟ್ರಿಂಗ್, ಫಂಕ್ಷನ್, ಆಬ್ಜೆಕ್ಟ್, 2015ರಲ್ಲಿ ಸೇರಿದ ಸಿಂಬಲ್, 2020ರಲ್ಲಿ ಸೇರಿದ ಬಿಗ್‌ಇಂಟ್. ಸ್ಟ್ರಿಂಗ್, ಬೂಲಿಯನ್, ಫಂಕ್ಷನ್ ಇವುಗಳಿಗೆ ಟೈಪ್‌ಆಫ್ ಕಣ್ಣುಮುಚ್ಚಿ ನಂಬಬಹುದು. ಇದಕ್ಕಾಗಿ ಯಾವ ಲೈಬ್ರರಿಯನ್ನೂ ಎಳೆದು ತರಬೇಡಿ, ದಂಡ.

ಎಡವಟ್ಟು ಇರುವುದು ಆಬ್ಜೆಕ್ಟ್‌ನಲ್ಲಿ. ಟೈಪ್‌ಆಫ್ ನಲ್ (ಏನೂ ಇಲ್ಲ ಎಂಬ ವ್ಯಾಲ್ಯೂ) ಎಂದರೂ 'ಆಬ್ಜೆಕ್ಟ್', ಅರೇ (ವ್ಯಾಲ್ಯೂಗಳ ಪಟ್ಟಿ) ಎಂದರೂ 'ಆಬ್ಜೆಕ್ಟ್', ದಿನಾಂಕ ಎಂದರೂ 'ಆಬ್ಜೆಕ್ಟ್'. ನಲ್ ವಿಷಯ 1995ರಿಂದ ಬಂದ ತಪ್ಪು. ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಭಾಷೆಯ ಮೊದಲ ರೂಪ ಕಟ್ಟಿದ ಕಾಲದ್ದು. ಆಮೇಲೆ ಸರಿ ಮಾಡೋಣ ಎಂಬ ಪ್ರಸ್ತಾಪವೂ ಬಂದಿತ್ತು. ಸರಿ ಮಾಡಿದರೆ ಹಳೆಯ ವೆಬ್ ಪುಟಗಳು ಮುರಿದುಬೀಳುತ್ತವೆ ಎಂದು ಕೈಬಿಟ್ಟರು. ಇನ್ನು ಮುಂದೆಯೂ ಹೀಗೇ ಇರುತ್ತದೆ, ನಾವು ಹೊಂದಿಕೊಂಡು ಹೋಗಬೇಕು.

ನಲ್ ಮತ್ತು ಅನ್‌ಡಿಫೈನ್ಡ್ ಎರಡನ್ನೂ ಒಟ್ಟಿಗೆ ಹಿಡಿಯಲು ಎರಡೇ ಸಮಚಿಹ್ನೆ ಹಾಕಿ ನಲ್ ಜೊತೆ ಹೋಲಿಸಿದರೆ ಆಯಿತು. ಎಲ್ಲ ಕಡೆ ಮೂರು ಸಮಚಿಹ್ನೆ ಹಾಕಿ ಎಂದು ಹೇಳಿಕೊಡುತ್ತಾರೆ, ಸರಿಯಾದ ಮಾತೇ. ಈ ಒಂದು ಜಾಗಕ್ಕೆ ಮಾತ್ರ ವಿನಾಯಿತಿ ಕೊಡಬಹುದು. ಲೋಡ್ಯಾಶ್‌ನ ಈಸ್‌ನಿಲ್ ಕೂಡ ಒಳಗೆ ಮಾಡುವುದು ಅದನ್ನೇ.

ಅರೇಗೆ 2009ರಿಂದಲೇ ಅರೇ.ಈಸ್‌ಅರೇ ಇದೆ. ಇನ್‌ಸ್ಟನ್ಸ್‌ಆಫ್ ಬಳಸುವವರೂ ಇದ್ದಾರೆ. ಒಂದೇ ಪುಟದೊಳಗೆ ಅದೂ ಕೆಲಸ ಮಾಡುತ್ತದೆ. ಆದರೆ ಪುಟದೊಳಗೆ ಇನ್ನೊಂದು ಪುಟವನ್ನು ಕೂರಿಸುವ ಐಫ್ರೇಮ್ ಇದ್ದು, ಅಲ್ಲಿ ಹುಟ್ಟಿದ ಅರೇ ಇಲ್ಲಿಗೆ ಬಂದರೆ ಇನ್‌ಸ್ಟನ್ಸ್‌ಆಫ್ 'ಇದು ಅರೇ ಅಲ್ಲ' ಅನ್ನುತ್ತದೆ. ಯಾಕೆಂದರೆ ಪ್ರತಿ ಫ್ರೇಮಿಗೂ ತನ್ನದೇ ಅರೇ ಕನ್‌ಸ್ಟ್ರಕ್ಟರ್ ಇರುತ್ತದೆ. ಅರೇ.ಈಸ್‌ಅರೇಗೆ ಈ ಸಮಸ್ಯೆ ಇಲ್ಲ. ಲೋಡ್ಯಾಶ್‌ನ ಈಸ್‌ಅರೇ ಎಂದರೆ ಇದೇ ಫಂಕ್ಷನ್, ಹೆಸರು ಮಾತ್ರ ಲೋಡ್ಯಾಶ್‌ದು.

ಹಳೇ ಕೋಡಿನಲ್ಲಿ ಇನ್ನೊಂದು ಉಪಾಯ ಕಾಣಿಸುತ್ತದೆ: ಆಬ್ಜೆಕ್ಟ್.ಪ್ರೊಟೊಟೈಪ್.ಟುಸ್ಟ್ರಿಂಗ್.ಕಾಲ್. ಇದಕ್ಕೆ ದಿನಾಂಕ ಕೊಟ್ಟರೆ ಚೌಕ ಆವರಣದೊಳಗೆ 'ಆಬ್ಜೆಕ್ಟ್ ಡೇಟ್' ಅನ್ನುತ್ತದೆ, ನಲ್ ಕೊಟ್ಟರೆ 'ಆಬ್ಜೆಕ್ಟ್ ನಲ್' ಅನ್ನುತ್ತದೆ. ಲೋಡ್ಯಾಶ್‌ನ ಹಲವು ಪರೀಕ್ಷೆಗಳ ಒಳಗೂ ಇದೇ ಉಪಾಯ ಇದೆ. 2015ರಲ್ಲಿ ಸಿಂಬಲ್.ಟುಸ್ಟ್ರಿಂಗ್‌ಟ್ಯಾಗ್ ಬಂದ ಮೇಲೆ ಯಾವ ಆಬ್ಜೆಕ್ಟ್ ಬೇಕಾದರೂ ತನಗೆ ಬೇಕಾದ ಹೆಸರು ಹೇಳಿಕೊಳ್ಳಬಹುದು. ಹಾಗಾಗಿ ಹೊಸ ಕೋಡಿನಲ್ಲಿ ಇದನ್ನು ಕೈಯಾರೆ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಲೋಡ್ಯಾಶ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

2009ರಲ್ಲಿ ಜೆರೆಮಿ ಆಶ್ಕೆನಾಸ್ ಅಂಡರ್‌ಸ್ಕೋರ್ ಬರೆದರು. 2012ರಲ್ಲಿ ಜಾನ್ ಡೇವಿಡ್ ಡಾಲ್ಟನ್ ಅದರಿಂದ ಕವಲೊಡೆದು ಲೋಡ್ಯಾಶ್ ಮಾಡಿದರು. ಆ ಕಾಲಕ್ಕೆ ಬ್ರೌಸರ್‌ಗಳು ಒಂದೊಂದು ಒಂದೊಂದು ಥರ ನಡೆದುಕೊಳ್ಳುತ್ತಿದ್ದವು. ಟೈಪ್ ನೋಡಲು ನಂಬಿಕಸ್ಥ ಜಾಗ ಬೇಕಿತ್ತು. ಇವತ್ತು ಆ ಕಾರಣ ಬಹುಮಟ್ಟಿಗೆ ಹೋಗಿದೆ. ಉಳಿದಿರುವುದು ಅನುಕೂಲ: ಈಸ್‌ಸ್ಟ್ರಿಂಗ್, ಈಸ್‌ಡೇಟ್, ಈಸ್‌ಮ್ಯಾಪ್ ಎಂದು ಎಲ್ಲ ಒಂದೇ ರೀತಿಯ ಹೆಸರು. ಓದುವವರಿಗೆ ಸುಲಭ. ಫಿಲ್ಟರ್‌ಗೆ ನೇರವಾಗಿ ಈಸ್‌ಸ್ಟ್ರಿಂಗ್ ಕೊಟ್ಟುಬಿಡಬಹುದು, ಪುಟ್ಟ ಫಂಕ್ಷನ್ ಬರೆಯುವ ಕೆಲಸ ಇಲ್ಲ.

ನನಗೆ ಲೋಡ್ಯಾಶ್‌ನಲ್ಲಿ ನಿಜವಾಗಿ ಇಷ್ಟವಾಗುವುದು ಈಸ್‌ಪ್ಲೇನ್‌ಆಬ್ಜೆಕ್ಟ್. ಒಂದು ವ್ಯಾಲ್ಯೂ ಬರೀ ಕೀ ಮತ್ತು ವ್ಯಾಲ್ಯೂಗಳ ಆಬ್ಜೆಕ್ಟಾ, ಇಲ್ಲ ಅರೇ, ದಿನಾಂಕ, ಕ್ಲಾಸಿನಿಂದ ಹುಟ್ಟಿದ್ದು ಇಂಥ ಬೇರೇನಾದರೂನಾ ಎಂದು ಇದು ಬೇರ್ಪಡಿಸುತ್ತದೆ. ಪ್ರೊಟೊಟೈಪೇ ಇಲ್ಲದ ಆಬ್ಜೆಕ್ಟನ್ನೂ ಸರಿಯಾಗಿ ಗುರುತಿಸುತ್ತದೆ. ಇದನ್ನು ಕೈಯಲ್ಲಿ ಬರೆಯಲು ಹೋದರೆ ಯಾವುದಾದರೂ ಒಂದು ಮೂಲೆ ಬಿಟ್ಟುಹೋಗುತ್ತದೆ. ಸೆಟ್ಟಿಂಗ್ಸ್ ಎರಡನ್ನು ಒಂದರೊಳಗೊಂದು ಸೇರಿಸುವ ಕೋಡ್ ಬರೆಯುತ್ತಿದ್ದರೆ ಇದು ಬೇಕೇ ಬೇಕು.

ಇದರ ಪಕ್ಕದಲ್ಲೇ ಇರುವ ಈಸ್‌ಆಬ್ಜೆಕ್ಟ್ ನೋಡಿ. ಅರೇ ಕೊಟ್ಟರೂ ಹೌದು, ಫಂಕ್ಷನ್ ಕೊಟ್ಟರೂ ಹೌದು ಅನ್ನುತ್ತದೆ. ನಲ್ ಕೊಟ್ಟರೆ ಮಾತ್ರ ಇಲ್ಲ. ಭಾಷೆಯ ನಿಯಮದ ಪ್ರಕಾರ ಇದು ಸರಿ, ಯಾಕೆಂದರೆ ಫಂಕ್ಷನ್ ಕೂಡ ಆಬ್ಜೆಕ್ಟೇ. ಆದರೆ 'ರೈತರ ವಿವರ ಬಂದಿದೆಯಾ' ಎಂದು ನೋಡಲು ಇದನ್ನು ಹಾಕಿದರೆ ಖಾಲಿ ಅರೇ ಬಂದರೂ ಪಾಸ್.

ಈಸ್‌ಡೇಟ್‌ನದೂ ಇದೇ ಕಥೆ. ಕೆಟ್ಟ ದಿನಾಂಕದ ಸ್ಟ್ರಿಂಗ್ ಕೊಟ್ಟು ಡೇಟ್ ಆಬ್ಜೆಕ್ಟ್ ಮಾಡಿದರೆ ಅದು 'ಇನ್‌ವ್ಯಾಲಿಡ್ ಡೇಟ್' ಆಗುತ್ತದೆ. ಈಸ್‌ಡೇಟ್ ಅದಕ್ಕೂ ಹೌದು ಅನ್ನುತ್ತದೆ. ಡೇಟ್ ಆಬ್ಜೆಕ್ಟ್ ಹೌದು, ದಿನಾಂಕ ಅಲ್ಲ. ಗೆಟ್‌ಟೈಮ್ ಕರೆದು ಅದು ನ್ಯಾನ್ ('ಸಂಖ್ಯೆ ಅಲ್ಲ' ಎಂಬ ವ್ಯಾಲ್ಯೂ) ಅಲ್ಲ ಎಂದು ಇನ್ನೊಂದು ಸಲ ನೋಡಬೇಕು.

ಇವೆಲ್ಲಕ್ಕಿಂತ ಕೆಟ್ಟದ್ದು ಈಸ್‌ಎಂಪ್ಟಿ. ಫೀಲ್ಡ್ ಖಾಲಿ ಇದೆಯಾ ಎಂದು ನೋಡಲು ಎಷ್ಟೊಂದು ಜನ ಇದನ್ನೇ ಹಾಕುತ್ತಾರೆ. ಖಾಲಿ ಸ್ಟ್ರಿಂಗಿಗೆ ಸರಿಯಾದ ಉತ್ತರ ಕೊಡುತ್ತದೆ. ಆದರೆ ನಂಬರ್ ಕೊಟ್ಟು ನೋಡಿ: 0 ಕೊಟ್ಟರೂ ಖಾಲಿ, 850 ಕೊಟ್ಟರೂ ಖಾಲಿ! ಬೂಲಿಯನ್‌ಗೂ ಅದೇ ಉತ್ತರ, ದಿನಾಂಕಕ್ಕೂ ಅದೇ. ಯಾಕೆಂದರೆ ಅದು ನೋಡುವುದು ಒಳಗೆ ಐಟಂ ಅಥವಾ ಕೀಗಳು ಇವೆಯಾ ಎಂದು. ನಂಬರಿನೊಳಗೆ ಏನಿರುತ್ತದೆ? ಇದು ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ, ಬಗ್ ಅಲ್ಲ. ಇವತ್ತು ರೇಟು ಸ್ಟ್ರಿಂಗಾಗಿ ಬರುತ್ತಿರುವಾಗ ಈಸ್‌ಎಂಪ್ಟಿ ಚೆನ್ನಾಗಿ ನಡೆಯುತ್ತದೆ. ನಾಳೆ ಯಾರೋ ಒಳ್ಳೆಯ ಮನಸ್ಸಿನಿಂದ ಅದನ್ನು ನಂಬರ್ ಮಾಡಿ ಕಳಿಸುತ್ತಾರೆ. ಅವತ್ತಿನಿಂದ 'ರೇಟು ಹಾಕಿಲ್ಲ' ಎಂದು ಪ್ರತಿ ಬಿಲ್ಲನ್ನೂ ಪುಟ ವಾಪಸ್ ಕಳಿಸುತ್ತದೆ.

ಸಂಖ್ಯೆಯ ತಾಪತ್ರಯ

ಆಯ್ಕೆಯಲ್ಲಿ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನ್ಯಾನ್ ಎಂಬ ವ್ಯಾಲ್ಯೂ ಇದೆಯಲ್ಲ, 'ಇದು ಸಂಖ್ಯೆಯೇ ಅಲ್ಲ' ಎಂದು ಹೇಳುವುದು ಅದರ ಕೆಲಸ. ಅದರ ಟೈಪ್ ಕೇಳಿದರೆ ಟೈಪ್‌ಆಫ್ 'ನಂಬರ್' ಅನ್ನುತ್ತದೆ. ಲೋಡ್ಯಾಶ್‌ನ ಈಸ್‌ನಂಬರ್ ಕೂಡ ಹೌದು ಅನ್ನುತ್ತದೆ. ಲೈಬ್ರರಿ ಹಾಕಿಕೊಂಡರೆ ಇಲ್ಲಿ ರಕ್ಷಣೆ ಸಿಗುತ್ತದೆ ಎಂದು ಅಂದುಕೊಂಡಿದ್ದರೆ ಸಿಗುವುದಿಲ್ಲ.

ಒಂದು ದಾರಿ ಹಿಡಿದು ನೋಡಿ. ಗುಮಾಸ್ತ ಮುಂಗಡದ ಫೀಲ್ಡಿನಲ್ಲಿ ನಮ್ಮೂರಿನ ರೂಢಿಯಂತೆ ಅಲ್ಪವಿರಾಮ ಹಾಕಿ "12,750" ಎಂದು ಬರೆದ. ಬ್ರೌಸರ್‌ನಲ್ಲಿ ನಂಬರ್ ಫಂಕ್ಷನ್ ಅದನ್ನು ನ್ಯಾನ್ ಮಾಡಿತು. ಈಸ್‌ನಂಬರ್ ಕೇಳಿದಿರಿ, ಹೌದು ಅಂತು. ಜೇಸನ್ ಮಾಡಿ ಸರ್ವರ್‌ಗೆ ಕಳಿಸಿದಿರಿ. ಜೇಸನ್‌ನಲ್ಲಿ ನ್ಯಾನ್‌ಗೆ ಜಾಗವೇ ಇಲ್ಲ, ಅದು ನಲ್ ಆಗಿ ಹೋಯಿತು. ಸರ್ವರ್‌ನಲ್ಲಿ ಇನ್ನೊಬ್ಬರು 'ಇರಲಿ' ಎಂದು ಮತ್ತೆ ನಂಬರ್ ಫಂಕ್ಷನ್ ಹಾಕಿದ್ದಾರೆ. ನಲ್‌ಗೆ ಅದು ಕೊಡುವ ಉತ್ತರ 0. ರೈತರಿಗೆ ಕೊಟ್ಟಿದ್ದ ಹನ್ನೆರಡು ಸಾವಿರದ ಏಳುನೂರೈವತ್ತು ರೂಪಾಯಿ ಮುಂಗಡ ಲೆಕ್ಕದಿಂದಲೇ ಮಾಯ. ನಡುವೆ ಎಲ್ಲೂ ಕೆಂಪು ಎರರ್ ಇಲ್ಲ. ಸಂಜೆ ಮಂಡಿ ಮಾಲೀಕರು ಕ್ಯಾಶ್ ಎಣಿಸುವಾಗಲೇ ಗೊತ್ತಾಗುವುದು.

ನಂಬರ್ ಬದಲು ಪಾರ್ಸ್‌ಇಂಟ್ ಹಾಕಿದರೆ? ಇನ್ನೂ ಚೆಂದ. ಅದು ಅಂಕಿಗಳು ಸಿಗುತ್ತಾ ಹೋದಷ್ಟೂ ಓದಿ, ಅಲ್ಪವಿರಾಮ ಕಂಡಲ್ಲಿ ನಿಂತುಬಿಡುತ್ತದೆ. "12,750" ಎಂಬುದು 12 ರೂಪಾಯಿ. "1,25,000" ಎಂಬುದು 1 ರೂಪಾಯಿ. ಇದು ನ್ಯಾನ್ ಕೂಡ ಅಲ್ಲ, ಮರ್ಯಾದಸ್ಥ ಸಂಖ್ಯೆ. ಯಾವ ಟೈಪ್ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ. ಪಾರ್ಸ್‌ಇಂಟ್‌ಗೆ ಒಂದೇ ಒಂದು ಗುಣ ಇದೆ, "15 ಕೆಜಿ" ಎಂದು ಬರೆದರೆ 15 ತೆಗೆದುಕೊಡುತ್ತದೆ. ಆ ಗುಣಕ್ಕಾಗಿ ದುಡ್ಡಿನ ಫೀಲ್ಡಿಗೆ ಅದನ್ನು ಹಾಕಬೇಡಿ.

ಕನ್ನಡ ಅಂಕಿಗಳದ್ದು ಬೇರೆಯೇ ಸಂಗತಿ. ಯಾರಾದರೂ "೧೫" ಎಂದು ಹಾಕಿದರೆ ಜಾವಾಸ್ಕ್ರಿಪ್ಟ್‌ಗೆ ಅದು ನ್ಯಾನ್. ಲೋಡ್ಯಾಶ್‌ನ ಟುನಂಬರ್‌ಗೂ ನ್ಯಾನ್. ಪೈಥಾನ್‌ನ ಇಂಟ್ ಫಂಕ್ಷನ್ ಇದೇ "೧೫"ನ್ನು ಸರಿಯಾಗಿ 15 ಎಂದು ಓದುತ್ತದೆ, ನೋಡಿದಾಗ ಹೊಟ್ಟೆಕಿಚ್ಚಾಗುತ್ತದೆ. ಪರಿಹಾರ ಕಷ್ಟವೇನಿಲ್ಲ. ಯುನಿಕೋಡ್‌ನಲ್ಲಿ ೦ ಇರುವುದು 3302ನೇ ಜಾಗದಲ್ಲಿ, ೯ ಇರುವುದು 3311ರಲ್ಲಿ. ಅಕ್ಷರದ ಕೋಡಿನಿಂದ 3302 ಕಳೆದರೆ ಅಂಕಿ ಕೈಗೆ ಬರುತ್ತದೆ. ಕನ್ನಡದಲ್ಲಿ ಫಾರ್ಮ್ ಮಾಡಿ, ಕನ್ನಡ ಅಂಕಿ ಹಾಕಿದವರಿಗೆ 'ತಪ್ಪು' ಅನ್ನುವುದು ಚೆನ್ನಾಗಿರುವುದಿಲ್ಲ ಅಲ್ವಾ?

ಹಾಗಾದರೆ ಸಂಖ್ಯೆಗೆ ಏನು ಬಳಸಬೇಕು? ಈಗಾಗಲೇ ನಂಬರ್ ಆಗಿರುವುದಕ್ಕೆ ನಂಬರ್.ಈಸ್‌ಫೈನೈಟ್. 2015ರಿಂದ ಭಾಷೆಯಲ್ಲೇ ಇದೆ. ಸ್ಟ್ರಿಂಗ್ ಬಂದರೆ ಇಲ್ಲ ಅನ್ನುತ್ತದೆ, ನ್ಯಾನ್ ಬಂದರೆ ಇಲ್ಲ, ಇನ್ಫಿನಿಟಿ ಬಂದರೂ ಇಲ್ಲ. ಲೋಡ್ಯಾಶ್‌ನ ಈಸ್‌ಫೈನೈಟ್ ಕೂಡ ಇದೇ ಉತ್ತರ ಕೊಡುತ್ತದೆ. ಬಾಕ್ಸ್ ಲೆಕ್ಕಕ್ಕೆ ನಂಬರ್.ಈಸ್‌ಇಂಟಿಜರ್ ಇನ್ನೂ ಬಿಗಿ, ಅರ್ಧ ಬಾಕ್ಸ್ ಹರಾಜಾಗುವುದಿಲ್ಲವಲ್ಲ. ಮುಂದೆ 'ನಂಬರ್.' ಇಲ್ಲದ ಹಳೆಯ ಈಸ್‌ನ್ಯಾನ್ ಮತ್ತು ಈಸ್‌ಫೈನೈಟ್ ಮುಟ್ಟಬೇಡಿ. ಅವು ಮೊದಲು ವ್ಯಾಲ್ಯೂವನ್ನು ನಂಬರ್ ಮಾಡಿ ಆಮೇಲೆ ನೋಡುತ್ತವೆ. ಖಾಲಿ ಸ್ಟ್ರಿಂಗ್ 0 ಆಗುತ್ತದೆ, ಹಾಗಾಗಿ ಖಾಲಿ ಫೀಲ್ಡನ್ನೂ 'ಸಂಖ್ಯೆಯೇ' ಎಂದು ಒಳಗೆ ಬಿಟ್ಟುಬಿಡುತ್ತವೆ.

ಇನ್ನೂ ಸ್ಟ್ರಿಂಗ್ ಆಗಿಯೇ ಇರುವುದಕ್ಕೆ ಟೈಪ್ ಪರೀಕ್ಷೆಯಿಂದ ಉಪಯೋಗ ಇಲ್ಲ, ಓದುವ ಫಂಕ್ಷನ್ ಬೇಕು. ನಾನು ಇಂಥ ಪುಟಗಳಿಗೆ ಒಂದು ಚಿಕ್ಕ ಫಂಕ್ಷನ್ ಇಟ್ಟುಕೊಂಡಿರುತ್ತೇನೆ. ಆಚೀಚೆಯ ಖಾಲಿ ಜಾಗ ಕತ್ತರಿಸಿ, ಕನ್ನಡ ಅಂಕಿ ಬದಲಿಸಿ, ಅಲ್ಪವಿರಾಮ ತೆಗೆದು, ಉಳಿದದ್ದು ಬರೀ ಅಂಕಿಯೇ ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ನೋಡಿ, ಆಮೇಲೆ ನಂಬರ್ ಮಾಡುವುದು. ಅಂಕಿಯಲ್ಲದ್ದು ಒಂದು ಅಕ್ಷರ ಸಿಕ್ಕರೂ ನಲ್ ವಾಪಸ್. ಹತ್ತು ಹನ್ನೆರಡು ಸಾಲು. ಯಾವ ಲೈಬ್ರರಿಯಲ್ಲೂ ಇದು ಹೀಗೇ ಸಿದ್ಧವಾಗಿ ಸಿಗುತ್ತದೆ ಎಂದು ಕಾಯಬೇಡಿ.

ಖಾತೆ ನಂಬರ್, ಫೋನ್ ನಂಬರ್, ಪಿನ್‌ಕೋಡ್ ಇವನ್ನು ನಂಬರ್ ಮಾಡಲೇಬಾರದು. ಹೆಸರಿನಲ್ಲಿ ನಂಬರ್ ಇದ್ದರೂ ಇವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಖಾತೆ ನಂಬರಿನ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ. 9007199254740991 ದಾಟಿದ ಮೇಲೆ ಜಾವಾಸ್ಕ್ರಿಪ್ಟ್ ನಂಬರ್ ಕೊನೆಯ ಅಂಕಿಯನ್ನು ಸರಿಯಾಗಿ ಉಳಿಸುತ್ತದೆ ಎಂಬ ಗ್ಯಾರಂಟಿ ಇಲ್ಲ. ಕೊನೆಗೆ 3 ಇರುವ 9007199254740993 ಬರೆದು ನೋಡಿ, 2 ಆಗಿ ವಾಪಸ್ ಬರುತ್ತದೆ. ಒಂದು ಅಂಕಿ ಆಚೀಚೆ ಆದರೆ ದುಡ್ಡು ಯಾರ ಖಾತೆಗೆ ಹೋಗುತ್ತದೆ ಯೋಚಿಸಿ. ಸ್ಟ್ರಿಂಗಾಗಿಯೇ ಇಡಿ, ಉದ್ದ ಮತ್ತು ಅಂಕಿಗಳನ್ನು ಮಾತ್ರ ಪರೀಕ್ಷಿಸಿ.

ಸ್ಕೀಮಾ ಲೈಬ್ರರಿ: ಬಾಗಿಲಲ್ಲೇ ನಿಲ್ಲಿಸುವವರು

ಜೋಡ್, ವ್ಯಾಲಿಬಾಟ್, ಯಪ್, ಜೋಯ್ ಇವು ಬೇರೆ ಜಾತಿ. ಇಲ್ಲಿ ನೀವು ಒಂದೊಂದೇ ವ್ಯಾಲ್ಯೂ ಕೇಳುತ್ತಾ ಕೂರುವುದಿಲ್ಲ. ಬಿಲ್ ಹೇಗಿರಬೇಕು ಎಂದು ಒಂದು ಕಡೆ ಬರೆದಿಡುತ್ತೀರಿ: ಹೆಸರು ಸ್ಟ್ರಿಂಗ್, ಖಾಲಿ ಇರಬಾರದು. ಬಾಕ್ಸ್ ಪೂರ್ಣಾಂಕ, ಕನಿಷ್ಠ 1. ರೇಟು ಸೊನ್ನೆಗಿಂತ ಹೆಚ್ಚು. ಮುಂಗಡ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಂದ ಡೇಟಾವನ್ನು ಅದರ ಮೇಲೆ ಹಾಯಿಸಿದರೆ ಯಾವ ಫೀಲ್ಡಿನಲ್ಲಿ ಏನು ತಪ್ಪಿದೆ ಎಂದು ಪಟ್ಟಿ ಮಾಡಿ ಕೊಡುತ್ತದೆ. ಇದನ್ನೇ ಲೋಡ್ಯಾಶ್‌ನಲ್ಲಿ ಮಾಡಲು ಹೋದರೆ ಇಫ್ ಮೇಲೆ ಇಫ್ ಬರೆಯಬೇಕು. ಹತ್ತು ಫೀಲ್ಡ್ ಆಗುವಷ್ಟರಲ್ಲಿ ಯಾವುದನ್ನು ನೋಡಿದೆವು, ಯಾವುದನ್ನು ಬಿಟ್ಟೆವು ಅನ್ನುವುದೇ ಮರೆತುಹೋಗುತ್ತದೆ.

ಜೋಡ್‌ನ ನಂಬರ್ ಪರೀಕ್ಷೆ ನ್ಯಾನ್ ಬಂದರೆ ಒಪ್ಪುವುದಿಲ್ಲ. ಇದೊಂದೇ ವಿಷಯದಲ್ಲಿ ಈಸ್‌ನಂಬರ್‌ಗಿಂತ ಎಷ್ಟೋ ಮೇಲು. ಸ್ಟ್ರಿಂಗ್ "15" ಬಂದರೂ ತಾನಾಗಿ ನಂಬರ್ ಮಾಡುವುದಿಲ್ಲ, ತಪ್ಪು ಅನ್ನುತ್ತದೆ. ಜೋಯ್ ಮತ್ತು ಯಪ್ ಹಾಗಲ್ಲ, ನೀವು ಬೇಡ ಎಂದು ಹೇಳದಿದ್ದರೆ ಬದಲಿಸಿಕೊಂಡುಬಿಡುತ್ತವೆ. ಫಾರ್ಮಿಗೆ ಅದು ಅನುಕೂಲ ಅನಿಸಬಹುದು. ದುಡ್ಡಿನ ಲೆಕ್ಕದಲ್ಲಿ ನನಗೆ ಜೋಡ್‌ನ ಹಟವೇ ಇಷ್ಟ, ಎಲ್ಲಿ ಬದಲಾಯಿತು ಎಂದು ಕೋಡಿನಲ್ಲೇ ಕಾಣುತ್ತದೆ.

ಜೋಡ್‌ನಲ್ಲೂ ಬದಲಿಸಲು 'ಕೋಅರ್ಸ್' ಎಂಬ ದಾರಿ ಇದೆ. ಅದು ಒಳಗೆ ಅದೇ ನಂಬರ್ ಫಂಕ್ಷನ್ ಕರೆಯುತ್ತದೆ. ಖಾಲಿ ಸ್ಟ್ರಿಂಗ್ 0 ಆಗುವ ಕಾಟ ಇಲ್ಲೂ ತಪ್ಪಿದ್ದಲ್ಲ. ಮುಂಗಡ ಖಾಲಿ ಇದ್ದು 0 ಆದರೆ ನಷ್ಟ ಇಲ್ಲ. ರೇಟು ಖಾಲಿ ಇದ್ದು 0 ಆದರೆ ರೈತರಿಗೆ ಸೊನ್ನೆ ರೂಪಾಯಿ ಬಿಲ್. ಆದ್ದರಿಂದ ಕೋಅರ್ಸ್ ಹಾಕಿದ ಕಡೆ 'ಪಾಸಿಟಿವ್' ನಿಯಮವನ್ನೂ ಸೇರಿಸಿ. ಇಲ್ಲದಿದ್ದರೆ ಮೇಲೆ ಹೇಳಿದ ಓದುವ ಫಂಕ್ಷನ್ನನ್ನೇ ಸ್ಕೀಮಾದೊಳಗೆ ಕೂರಿಸಿ. ನಾನು ಎರಡನೆಯದನ್ನೇ ಮಾಡುತ್ತೇನೆ, ಕನ್ನಡ ಅಂಕಿಗೂ ಅಲ್ಪವಿರಾಮಕ್ಕೂ ಒಂದೇ ಕಡೆ ಪರಿಹಾರ ಸಿಗುತ್ತದೆ.

ಗರಿಷ್ಠ ಮಿತಿ ಹಾಕುವಾಗ ಹುಷಾರು. 'ಬಾಕ್ಸಿಗೆ 1500ಕ್ಕಿಂತ ಜಾಸ್ತಿ ಯಾವತ್ತು ಹೋಗುತ್ತೆ' ಎಂದು ಸ್ಕೀಮಾದಲ್ಲಿ ಬರೆದುಬಿಡುವುದು ಸುಲಭ. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತು. ಅಂಥ ಬೆಳಗ್ಗೆ ನಿಮ್ಮ ಪುಟ ರೇಟನ್ನೇ ಒಪ್ಪದಿದ್ದರೆ ಮಂಡಿಯವರು ಪುಸ್ತಕಕ್ಕೆ ವಾಪಸ್ ಹೋಗುತ್ತಾರೆ, ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ. ಟೊಮೆಟೊ ರೇಟಿಗೆ ಮಿತಿ ಮೀರಿದರೆ ಎಚ್ಚರಿಕೆ ತೋರಿಸಿ, ತಡೆಯಬೇಡಿ. ಟೈಪ್ ತಪ್ಪಾದರೆ ತಡೆಯಿರಿ. ಇವೆರಡನ್ನು ಬೇರೆಬೇರೆ ಇಡುವುದು ಮುಖ್ಯ.

ಎರರ್ ಸಂದೇಶವನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಲೈಬ್ರರಿ ತಾನಾಗಿ ಕೊಡುವ ಇಂಗ್ಲಿಷ್ ಸಾಲು ಗುಮಾಸ್ತನಿಗೆ ಏನೂ ಹೇಳುವುದಿಲ್ಲ. 'ರೇಟು ಹಾಕಿಲ್ಲ', 'ಬಾಕ್ಸ್ ಲೆಕ್ಕದಲ್ಲಿ ಅಕ್ಷರ ಸೇರಿದೆ' ಎಂದು ಪ್ರತಿ ನಿಯಮದ ಪಕ್ಕದಲ್ಲೇ ಕೊಡಬಹುದು. ಇನ್ನೊಂದು, ಬ್ರೌಸರ್‌ನಲ್ಲಿ ಮಾಡಿದ ಪರೀಕ್ಷೆ ಸರ್ವರ್‌ನಲ್ಲೂ ಆಗಬೇಕು. ಬ್ರೌಸರ್‌ನಲ್ಲಿರುವುದನ್ನು ಯಾರು ಬೇಕಾದರೂ ದಾಟಿಕೊಂಡು ಹೋಗಬಹುದು. ಸರ್ವರ್ ಕೂಡ ಜಾವಾಸ್ಕ್ರಿಪ್ಟ್ ಆಗಿದ್ದರೆ ಅದೇ ಸ್ಕೀಮಾ ಫೈಲನ್ನು ಎರಡೂ ಕಡೆ ಬಳಸಬಹುದು.

ಟೈಪ್‌ಸ್ಕ್ರಿಪ್ಟ್ ಇದ್ದರೆ ಇದೆಲ್ಲ ಬೇಡವಾ?

ಬೇಕು. 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್ ಕೋಡ್ ಬರೆಯುವಾಗ ಕಾವಲು ಕಾಯುತ್ತದೆ. ಕಂಪೈಲ್ ಆದ ಮೇಲೆ ಟೈಪ್‌ಗಳೆಲ್ಲ ಅಳಿಸಿಹೋಗಿ ಬರೀ ಜಾವಾಸ್ಕ್ರಿಪ್ಟ್ ಉಳಿಯುತ್ತದೆ. ಸರ್ವರ್‌ನಿಂದ ಬಂದ ಜೇಸನ್‌ಗೆ 'ಇದು ಬಿಲ್' ಎಂದು ನೀವು ಹೆಸರಿಟ್ಟರೆ ಅದು ನಂಬಿಬಿಡುತ್ತದೆ, ತೆರೆದು ನೋಡುವುದಿಲ್ಲ. ಲೋಡ್ಯಾಶ್‌ನ ಟೈಪ್ ಫೈಲುಗಳಲ್ಲಿ ಈಸ್‌ಸ್ಟ್ರಿಂಗ್‌ನಂಥವು ಟೈಪ್ ಗಾರ್ಡ್ ಆಗಿವೆ. ಇಫ್ ಒಳಗೆ ಕರೆದರೆ ಮುಂದಿನ ಸಾಲುಗಳಲ್ಲಿ ಅದು ಸ್ಟ್ರಿಂಗೇ ಎಂದು ಟೈಪ್‌ಸ್ಕ್ರಿಪ್ಟ್‌ಗೆ ಗೊತ್ತಾಗುತ್ತದೆ. ಟೈಪ್‌ಆಫ್ ಬರೆದರೂ ಅದೇ ಅನುಕೂಲ ಪುಕ್ಕಟೆ ಸಿಗುತ್ತದೆ. ಜೋಡ್‌ನಲ್ಲಾದರೆ ಸ್ಕೀಮಾದಿಂದಲೇ ಟೈಪ್ ಹುಟ್ಟಿಸಬಹುದು, ಒಂದೇ ವಿಷಯವನ್ನು ಎರಡು ಸಲ ಬರೆಯುವ ಕೆಲಸ ತಪ್ಪುತ್ತದೆ.

ಉಳಿದವು, ಚುಟುಕಾಗಿ

ಜೆಕ್ವೆರಿ ಇರುವ ಹಳೇ ಪುಟಗಳಲ್ಲಿ ಈಸ್‌ನ್ಯೂಮರಿಕ್ ಕಾಣಬಹುದು. ಸ್ಟ್ರಿಂಗ್ "15" ಕೊಟ್ಟರೆ ಹೌದು, ಖಾಲಿ ಕೊಟ್ಟರೆ ಇಲ್ಲ, "12,750" ಕೊಟ್ಟರೂ ಇಲ್ಲ. ಫಾರ್ಮಿಗೆ ನಿಜಕ್ಕೂ ಒಳ್ಳೆಯ ಪರೀಕ್ಷೆ ಆಗಿತ್ತು ಪಾಪ. ಆದರೆ ಅದನ್ನೂ, ಈಸ್‌ಅರೇ, ಈಸ್‌ಫಂಕ್ಷನ್, ಟೈಪ್ ಇವನ್ನೂ ಜೆಕ್ವೆರಿ 4ನೇ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ಹೊಸದಾಗಿ ಬಳಸಬೇಡಿ.

ಸಿಂಡ್ರೆ ಸೋರ್ಹುಸ್ ಅವರ 'ಈಸ್' ಎಂಬ ಪ್ಯಾಕೇಜ್ ಟೈಪ್ ಪರೀಕ್ಷೆಗೆಂದೇ ಇರುವುದು. ಅದರ ನಂಬರ್ ಪರೀಕ್ಷೆ ನ್ಯಾನ್ ಬಂದರೆ ಇಲ್ಲ ಅನ್ನುತ್ತದೆ, 'ಖಾಲಿಯಲ್ಲದ ಸ್ಟ್ರಿಂಗ್' ಎಂಬ ಪರೀಕ್ಷೆಯೂ ಇದೆ. ಬರೀ ಟೈಪ್ ಪರೀಕ್ಷೆಗಾಗಿ ಒಂದು ಲೈಬ್ರರಿ ಬೇಕೇ ಬೇಕು ಅನ್ನುವವರಿಗೆ ನಾನು ಲೋಡ್ಯಾಶ್‌ಗಿಂತ ಮೊದಲು ಇದನ್ನು ತೋರಿಸುತ್ತೇನೆ. 2024ರಲ್ಲಿ ಬಂದ ಇಎಸ್ ಟೂಲ್‌ಕಿಟ್ ಲೋಡ್ಯಾಶ್‌ನ ಜಾಗಕ್ಕೆ ಬರಲು ನೋಡುತ್ತಿದೆ. ಲೋಡ್ಯಾಶ್ ಥರವೇ ನಡೆದುಕೊಳ್ಳುವ ಒಂದು ಭಾಗವೂ ಅದರಲ್ಲಿದೆ, ಆ ಭಾಗ ಬಳಸಿದರೆ ಲೋಡ್ಯಾಶ್‌ನ ಚಾಳಿಗಳೂ ಜೊತೆಗೇ ಬರುತ್ತವೆ ಎಂದುಕೊಳ್ಳಿ.

ತೂಕದ ಮಾತು. ಲೋಡ್ಯಾಶ್ ಇಡೀ ತಂದರೆ ಜಿಜಿಪ್ ಆಗಿ ಕುಗ್ಗಿದ ಮೇಲೆ ಸುಮಾರು 24 ಕೆಬಿ. ಅದೇನು ಪರ್ವತವಲ್ಲ, ಒಂದು ಚಿಕ್ಕ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಆದರೂ ಎರಡು ಫಂಕ್ಷನ್‌ಗಾಗಿ ಅಷ್ಟನ್ನು ಯಾಕೆ ಹೊರಬೇಕು? ಇಂಪೋರ್ಟ್ ಮಾಡುವಾಗ ಪುಷ್ಪಾವರಣದಲ್ಲಿ ಒಂದೇ ಹೆಸರು ಬರೆದರೆ ಒಂದೇ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಸಾಮಾನ್ಯ ಲೋಡ್ಯಾಶ್ ಪ್ಯಾಕೇಜಿನಲ್ಲಿ ಹಾಗೆ ಆಗುವುದಿಲ್ಲ, ಫೈಲುಗಳನ್ನೆಲ್ಲ ಒಟ್ಟುಗೂಡಿಸುವ ಬಂಡ್ಲರ್ ಇಡೀ ಲೈಬ್ರರಿಯನ್ನೇ ಸೇರಿಸುತ್ತದೆ. ಫಂಕ್ಷನ್ ಹೆಸರಿನ ಫೈಲನ್ನೇ ನೇರವಾಗಿ ಇಂಪೋರ್ಟ್ ಮಾಡಬೇಕು, ಇಲ್ಲವೇ ಲೋಡ್ಯಾಶ್‌ನ ಇಎಸ್ ಆವೃತ್ತಿ ಬಳಸಬೇಕು.

ಯಾರಿಗೆ ಯಾವುದು

ಈಗ ತಾನೇ ಕಲಿಯುತ್ತಿದ್ದೀರಾ? ಲೈಬ್ರರಿ ಬೇಡ. ಟೈಪ್‌ಆಫ್, ಅರೇ.ಈಸ್‌ಅರೇ, ನಂಬರ್.ಈಸ್‌ಫೈನೈಟ್, ನಲ್ ಹೋಲಿಕೆ, ಈ ನಾಲ್ಕನ್ನು ಕನ್ಸೋಲ್ ತೆರೆದು ಬೇಕಾಬಿಟ್ಟಿ ವ್ಯಾಲ್ಯೂ ಕೊಟ್ಟು ಆಡಿ. ಕೈಗೆ ಹಿಡಿತ ಬರುತ್ತದೆ.

ಬಂಗಾರಪೇಟೆಯ ಅಂಗಡಿಗೋ ಮಾಲೂರಿನ ನರ್ಸರಿಗೋ ಒಂದು ಫಾರ್ಮ್ ಇರುವ ಪುಟ ಮಾಡಿಕೊಡುತ್ತಿದ್ದರೆ, ಫೀಲ್ಡುಗಳು ಮೂರೋ ನಾಲ್ಕೋ ಇದ್ದರೆ ಓದುವ ಫಂಕ್ಷನ್ ಒಂದನ್ನು ಕೈಯಲ್ಲೇ ಬರೆಯಿರಿ. ಅದಕ್ಕಿಂತ ಜಾಸ್ತಿ ಇದ್ದು ದುಡ್ಡಿನ ವ್ಯವಹಾರವೂ ಇದ್ದರೆ ಮೊದಲ ದಿನವೇ ಜೋಡ್ ಹಾಕಿ. ಫೋನಿಗೆ ಹೋಗುವ ತೂಕದ ಚಿಂತೆ ಜಾಸ್ತಿ ಇದ್ದರೆ ವ್ಯಾಲಿಬಾಟ್ ನೋಡಿ, ಬಳಸಿದಷ್ಟನ್ನೇ ಸೇರಿಸುವ ಹಾಗೆ ಅದನ್ನು ಕಟ್ಟಿದ್ದಾರೆ.

ಬೆಂಗಳೂರಿನ ಕೆಲಸಕ್ಕೆ ಸೇರಿದ್ದೀರಿ, ಪ್ರಾಜೆಕ್ಟ್‌ನಲ್ಲಿ ಎಲ್ಲಿ ನೋಡಿದರೂ ಲೋಡ್ಯಾಶ್ ಇದೆ. ಸುಮ್ನೆ ಕಿತ್ತುಹಾಕಲು ಹೋಗಬೇಡಿ. ಈಸ್‌ಸ್ಟ್ರಿಂಗ್, ಈಸ್‌ಅರೇ, ಈಸ್‌ಪ್ಲೇನ್‌ಆಬ್ಜೆಕ್ಟ್ ಇದ್ದಲ್ಲೇ ಇರಲಿ, ಯಾರಿಗೂ ತೊಂದರೆ ಇಲ್ಲ. ಈಸ್‌ನಂಬರ್ ಮತ್ತು ಈಸ್‌ಎಂಪ್ಟಿ ಎಂದು ಎರಡು ಹುಡುಕಾಟ ಮಾಡಿ. ಮೊದಲನೆಯದು ದುಡ್ಡು, ತೂಕ, ಲೆಕ್ಕದ ಹತ್ತಿರ ಸಿಕ್ಕರೆ ಈಸ್‌ಫೈನೈಟ್ ಮಾಡಿ, ಅದೂ ಲೋಡ್ಯಾಶ್‌ನದೇ ಆಗಿರುವುದರಿಂದ ರಿವ್ಯೂ ಮಾಡುವವರೂ ತಕರಾರು ತೆಗೆಯುವುದಿಲ್ಲ. ಎರಡನೆಯದು ಸಿಕ್ಕ ಕಡೆಯಲ್ಲೆಲ್ಲ ಒಳಗೆ ಬರುವುದು ಅರೇನಾ, ಸ್ಟ್ರಿಂಗಾ, ಇಲ್ಲ ನಂಬರ್ ಕೂಡ ಬರಬಹುದಾ ಎಂದು ಹಿಂದಕ್ಕೆ ಹೋಗಿ ನೋಡಿ. ನಂಬರ್ ಬರುವ ಸಾಧ್ಯತೆ ಇದ್ದರೆ ಅವತ್ತೇ ಬದಲಿಸಿ, ಜೊತೆಗೆ 850 ಕೊಟ್ಟು ನೋಡುವ ಒಂದು ಟೆಸ್ಟ್ ಬರೆದಿಡಿ.